ಘಾಟಿ ರಸ್ತೆಯ ಸುದ್ದಿ ಹಂಚಲು ಯಾವುದು ಒಳ್ಳೆಯದು: ಎಕ್ಸ್, ವಾಟ್ಸಾಪ್ ಚಾನೆಲ್, ಟೆಲಿಗ್ರಾಂ

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಬಿಸಿಲೆ ಘಾಟಿಗಳ ಸುದ್ದಿಯನ್ನು ಸಕಲೇಶಪುರದ ಕಡೆಯಿಂದ ಹಂಚುವ ಕೆಲಸಕ್ಕೆ ಈ ಮೂರನ್ನೂ ಬಳಸಿ ನೋಡಿದ ಮೇಲೆ ನಾನು ಉಳಿಸಿಕೊಂಡಿರುವುದು ಟೆಲಿಗ್ರಾಂ ಚಾನೆಲ್. ಎಕ್ಸ್ ಅನ್ನು ಬಿಟ್ಟಿಲ್ಲ. ಆದರೆ ಈಗ ಅಲ್ಲಿಗೆ ಹೋಗುವುದು ಸುದ್ದಿ ತಿಳಿಯಲು ಮಾತ್ರ.

ಎಕ್ಸ್‌ನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಕ್ಷರಗಳ ಎಣಿಕೆ. 160 ಅಕ್ಷರಗಳ ಎಸ್ಸೆಮ್ಮೆಸ್‌ಗೆ ಹೊಂದುವಂತೆ ಟ್ವಿಟರ್ (ಎಕ್ಸ್‌ನ ಹಿಂದಿನ ಹೆಸರು) ಮೊದಲು 140ರ ಮಿತಿ ಇಟ್ಟುಕೊಂಡಿತ್ತು. 2017ರ ನವೆಂಬರ್‌ನಲ್ಲಿ ಅದು 280 ಆಯಿತು. ಈ ಲೆಕ್ಕದಲ್ಲಿ ವ್ಯಂಜನಕ್ಕೆ ಒಂದು, ಅದಕ್ಕೆ ಸೇರುವ ಸ್ವರಚಿಹ್ನೆಗೆ ಇನ್ನೊಂದು, ಒತ್ತಕ್ಷರ ಮೂಡಿಸಲು ಒಳಗೆ ಅಡಗಿರುವ ಹಲಂತ ಚಿಹ್ನೆಗೆ (್) ಮತ್ತೊಂದು. ‘ರಾಷ್ಟ್ರೀಯ’ ಎಂಬುದು ಕಣ್ಣಿಗೆ ಮೂರೇ ಅಕ್ಷರವಾದರೂ ಎಕ್ಸ್ ಅದನ್ನು 9 ಎಂದು ಎಣಿಸುತ್ತದೆ. ಎಕ್ಸ್ ಮಾದರಿಯದೇ ಇನ್ನೊಂದು ತಾಣವಾದ ಬ್ಲೂಸ್ಕೈ ಸ್ವರಚಿಹ್ನೆ, ಹಲಂತಗಳನ್ನು ವ್ಯಂಜನದ ಜೊತೆಗೇ ಸೇರಿಸಿ ಅದೇ ಪದವನ್ನು 5 ಎಂದು ಎಣಿಸಿ 300ರವರೆಗೆ ಬರೆಯಲು ಬಿಡುತ್ತದೆ.

ಘಾಟಿಯ ಸುದ್ದಿಯಲ್ಲಿ ‘ರಸ್ತೆ ತೆರೆದಿದೆ’ ಎಂಬ ಮಾತಿಗಿಂತ ಅದರ ಜೊತೆಗಿರುವ ಷರತ್ತು ಮುಖ್ಯ. ಲಘು ವಾಹನಗಳಿಗೆ ಮಾತ್ರವೇ, ರಾತ್ರಿ ಸಂಚಾರವಿದೆಯೇ, ಭಾರಿ ಲಾರಿಗಳು ಯಾವ ದಾರಿ ಹಿಡಿಯಬೇಕು, ಈ ಮಾಹಿತಿ ಎಷ್ಟು ಗಂಟೆಯದು ಎಂಬುದನ್ನೆಲ್ಲ ಸ್ಪಷ್ಟವಾಗಿ ಬರೆದರೆ ಕನ್ನಡದಲ್ಲಿ 280 ಸಾಲುವುದಿಲ್ಲ. ಷರತ್ತು ಎರಡನೆಯ ಪೋಸ್ಟಿಗೆ ಹೋಗುತ್ತದೆ, ಓದಿದವರು ಮೊದಲನೆಯದನ್ನಷ್ಟೇ ಮುಂದೆ ಹಂಚುತ್ತಾರೆ. 2024ರ ಜುಲೈ ಕೊನೆಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲಿನ ಬಳಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಂತಹ ದಿನಗಳಲ್ಲಿ, ಅರ್ಧ ಸುದ್ದಿಯನ್ನು ನಂಬಿ ಹಾಸನದಿಂದ ಹೊರಟವರು ಮಕ್ಕಳು, ವೃದ್ಧರೊಂದಿಗೆ ಮಳೆಯಲ್ಲಿ ಸಿಕ್ಕಿಕೊಳ್ಳಬೇಕಾಗುತ್ತದೆ.

ಎಕ್ಸ್‌ಗೆ ಚಂದಾ ಕಟ್ಟಿದವರು ಉದ್ದದ ಪೋಸ್ಟ್ ಬರೆಯಬಹುದು. 2023ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಆ ಚಂದಾ ತಿಂಗಳಿಗೆ ವೆಬ್‌ನಲ್ಲಿ 650, ಮೊಬೈಲ್‌ನಲ್ಲಿ 900 ರೂಪಾಯಿ ಇತ್ತು. ಬೆಲೆ ಎಷ್ಟೇ ಇಳಿದರೂ, ಒಂದು ರೂಪಾಯಿ ಆದಾಯವಿಲ್ಲದ ಈ ಕೆಲಸಕ್ಕೆ ಪ್ರತಿ ತಿಂಗಳು ಹಣ ಕಟ್ಟುವುದು ನನ್ನಿಂದಾಗದು. ಕಟ್ಟಿದರೂ ಮೊದಲ ನೋಟಕ್ಕೆ ಕಾಣುವುದು ಆರಂಭದ 280 ಅಕ್ಷರಗಳೇ; ಉಳಿದದ್ದನ್ನು ಓದುಗರು ಒತ್ತಿ ತೆರೆಯಬೇಕು.

2023ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಆರಂಭವಾದ ವಾಟ್ಸಾಪ್ ಚಾನೆಲ್‌ಗೆ ಒಂದು ದೊಡ್ಡ ಅನುಕೂಲವಿದೆ: ಜೀಪು ಓಡಿಸುವವರಿಂದ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್‌ವರೆಗೆ ಎಲ್ಲರ ಫೋನಿನಲ್ಲೂ ವಾಟ್ಸಾಪ್ ಇದೆ. ಆದರೆ ಚಾನೆಲ್‌ನ ಹಳೆಯ ಸಂದೇಶಗಳನ್ನು ವಾಟ್ಸಾಪ್‌ನ ಸರ್ವರ್ 30 ದಿನಗಳಷ್ಟೇ ಇಟ್ಟುಕೊಳ್ಳುತ್ತದೆ. ಹಿಂದಿನ ವರ್ಷ ಯಾವ ತಿರುವಿನಲ್ಲಿ, ಎಷ್ಟು ಮಳೆಗೆ ಮಣ್ಣು ಜಾರಿತು ಎಂದು ತೆಗೆದು ನೋಡುವುದು ನನ್ನ ರೂಢಿಯಾದ್ದರಿಂದ ಇದು ನನಗೆ ಒಗ್ಗಲಿಲ್ಲ.

ಎಕ್ಸ್ ಮಾದರಿಯ ಮತ್ತೊಂದು ತಾಣವಾದ ಮಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ 500 ಅಕ್ಷರಗಳಿಗೆ ಜಾಗವಿದೆ, ಪೋಸ್ಟ್‌ಗಳು ಕಾಲಕ್ರಮದಲ್ಲೇ ಬರುತ್ತವೆ. ನಮ್ಮ ಘಾಟಿಯಲ್ಲಿ ಓಡಾಡುವವರು ಮಾತ್ರ ಅಲ್ಲಿಲ್ಲ.

ಟೆಲಿಗ್ರಾಂನಲ್ಲಿ ಒಂದು ಸಂದೇಶ 4096 ಅಕ್ಷರಗಳವರೆಗೆ ಹೋಗಬಹುದಾದ್ದರಿಂದ ಸುದ್ದಿ ಮತ್ತು ಷರತ್ತು ಒಂದೇ ಕಡೆ ಉಳಿಯುತ್ತವೆ. ರಸ್ತೆ ತೆರೆದ ಕೂಡಲೇ ಹಳೆಯ ಸಂದೇಶವನ್ನೇ ತಿದ್ದಬಹುದು. ಸಾರ್ವಜನಿಕ ಚಾನೆಲ್ ಆದರೆ ಖಾತೆ ಇಲ್ಲದವರೂ ಬ್ರೌಸರ್‌ನಲ್ಲಿ ತೆರೆದು ಓದಬಹುದು. ಹಾಗಾಗಿ ಊರಿನ ವಾಟ್ಸಾಪ್ ಗುಂಪುಗಳಿಗೆ ನಾನು ಬರಹವನ್ನು ನಕಲು ಮಾಡಿ ಹಾಕದೆ ಕೊಂಡಿಯನ್ನಷ್ಟೇ ಕಳುಹಿಸುತ್ತೇನೆ. ಮುಂದೆ ಯಾರಿಗೆ ಹೋದರೂ ಅದು ತಿದ್ದಿದ ಸುದ್ದಿಯನ್ನೇ ತೋರಿಸುತ್ತದೆ.

ಜಿಲ್ಲಾಡಳಿತ, ಪೊಲೀಸರು ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪ್ರಕಟಣೆಗಳು ಎಕ್ಸ್‌ನಲ್ಲಿ ಬರುತ್ತಿರುವವರೆಗೆ ಬೆಳಿಗ್ಗೆ ಮೊದಲು ತೆರೆಯುವುದು ಅದನ್ನೇ. ಅಲ್ಲಿ ಓದಿದ್ದನ್ನು ರಸ್ತೆಯ ಮೇಲಿರುವ ಚಾಲಕರೊಬ್ಬರಿಗೆ ಕರೆ ಮಾಡಿ ಖಚಿತಪಡಿಸಿಕೊಂಡು, ಗಂಟೆಯನ್ನು ನಮೂದಿಸಿ, ಟೆಲಿಗ್ರಾಂನಲ್ಲಿ ಪೂರ್ತಿಯಾಗಿ ಬರೆಯುತ್ತೇನೆ.