ಬ್ರಿಡ್ಜ್ ಕಂಪನಿಗೆ ಸೇರುವ ಮುಂಚೆ ಕೀ ಯಾರ ಹತ್ತಿರ ಇದೆ ಅಂತ ಕೇಳಿ

ಒಂದು ಬ್ಲಾಕ್‌ಚೈನ್‌ನಿಂದ (ಕ್ರಿಪ್ಟೋ ವ್ಯವಹಾರದ ಲೆಕ್ಕ ಇಡುವ ಜಾಲ) ಇನ್ನೊಂದಕ್ಕೆ ಕ್ರಿಪ್ಟೋ ಟೋಕನ್ ದಾಟಿಸುವ ಬ್ರಿಡ್ಜ್ ಕಟ್ಟುವ ಕಂಪನಿಯಲ್ಲಿ ಸೀನಿಯರ್ ಇಂಜಿನಿಯರ್ ಆಗಿದ್ದೆ. ಹೆಸರು ಬೇಡ. ಇಂಥ ಕಡೆಯಿಂದ ಆಫರ್ ಬಂದಿದ್ದರೆ ಇದನ್ನು ಓದಿ ಆಮೇಲೆ ಸಹಿ ಹಾಕಿ.

ಈ ಕಡೆ ಟೋಕನ್ ಲಾಕ್ ಆಗುತ್ತದೆ, ಆ ಕಡೆ ಅಷ್ಟೇ ಬೆಲೆಯದ್ದು ಹೊಸದಾಗಿ ಹುಟ್ಟುತ್ತದೆ. ಲಾಕ್ ಆಗಿದ್ದು ನಿಜ ಅಂತ ಕೀ, ಅಂದರೆ ಗುಟ್ಟಿನ ಡಿಜಿಟಲ್ ಕೋಡ್, ಬಳಸಿ ಸಹಿ ಹಾಕುವುದು ವ್ಯಾಲಿಡೇಟರ್ ಅನ್ನುವ ಕಂಪ್ಯೂಟರ್‌ಗಳು. ನಮ್ಮ ವೆಬ್‌ಸೈಟ್ ಪ್ರಕಾರ ಅವನ್ನು ನಡೆಸುವುದು ಐದು ಸ್ವತಂತ್ರ ಸಂಸ್ಥೆಗಳು, ಮೂರು ಸಹಿ ಸಾಕು. ಒಳಗೆ ಹೋಗಿ ನೋಡಿದರೆ ಐದರಲ್ಲಿ ನಾಲ್ಕು ನಮ್ಮದೇ ಕ್ಲೌಡ್ ಅಕೌಂಟಿನಲ್ಲಿ ಓಡುತ್ತಿದ್ದವು! ಆ ಅಕೌಂಟಿಗೆ ಟೀಮಿನ ಎಲ್ಲರಿಗೂ ಅಡ್ಮಿನ್ ಆಕ್ಸೆಸ್, ಇಂಟರ್ನ್ ಕೂಡ ಸೇರಿ.

ಇದನ್ನು ಮೇಲಿನವರಿಗೆ ಬರೆದು ಕೊಟ್ಟೆ. ‘ಲಾಂಚ್ ಆಗಲಿ, ಆಮೇಲೆ ನೋಡೋಣ’ ಅಂದರು. ಲಾಂಚ್ ಆಯಿತು. ಆಮೇಲೆ ಹೊಸ ಚೈನ್ ಸೇರಿಸುವ ಆತುರ, ಅದಾದ ಮೇಲೆ ಮತ್ತೊಂದು. ರೋನಿನ್ ಕಥೆ ಹೇಳಿದರೆ ಸುಮ್ನೆ ಹೆದರಿಸ್ತೀರಿ ಅಂತ ನಕ್ಕರು.

ರೋನಿನ್ ಕಥೆ ನಡೆದದ್ದು 2022ರ ಮಾರ್ಚಿನಲ್ಲಿ. ಆಕ್ಸಿ ಇನ್ಫಿನಿಟಿ ಅನ್ನುವ ಗೇಮಿಗೆ ಕಟ್ಟಿದ ರೋನಿನ್ ಬ್ರಿಡ್ಜಿನಿಂದ 60 ಕೋಟಿ ಡಾಲರಿಗೂ ಜಾಸ್ತಿ ಕಳವಾಯಿತು. ಒಂಬತ್ತರಲ್ಲಿ ಐದು ಸಹಿ ಬೇಕಿತ್ತು, ನಾಲ್ಕು ಒಂದೇ ಕಂಪನಿಯ ಕೈಯಲ್ಲಿದ್ದವು. ಐದನೆಯದ್ದು ಸಿಕ್ಕಿದ್ದು, ಹಿಂದಿನ ವರ್ಷ ಲೋಡ್ ಜಾಸ್ತಿಯಾದಾಗ ಇನ್ನೊಂದು ಸಂಸ್ಥೆ ತನ್ನ ಪರವಾಗಿ ಸಹಿ ಹಾಕಲು ಆ ಕಂಪನಿಗೆ ಕೊಟ್ಟ ಅನುಮತಿಯನ್ನು ಯಾರೂ ವಾಪಸ್ ತೆಗೆಯದೆ ಬಿಟ್ಟಿದ್ದರಿಂದ. ಕಳವು ಗೊತ್ತಾಗಿದ್ದೇ ಆರು ದಿನದ ಮೇಲೆ, ಬಳಕೆದಾರರೊಬ್ಬರಿಗೆ 5,000 ಈಥರ್ (ಒಂದು ಕ್ರಿಪ್ಟೋ ನಾಣ್ಯ) ತೆಗೆಯಲು ಆಗದಿದ್ದಾಗ. ಸೀನಿಯರ್ ಇಂಜಿನಿಯರ್ ಒಬ್ಬರಿಗೆ ಸುಳ್ಳು ಕೆಲಸದ ಆಫರ್ ಕಳಿಸಿ, ಆ ಪಿಡಿಎಫ್ ಮೂಲಕ ಕಳ್ಳರು ಒಳಗೆ ನುಗ್ಗಿದರು ಅಂತ ಆಮೇಲೆ ವರದಿಯಾಯಿತು. ಗುರಿ ನಮ್ಮಂಥವರೇ, ಅಲ್ವಾ?

ಒಂದು ರಾತ್ರಿ ನಮ್ಮಲ್ಲಿ ರಿಲೇಯರ್ (ಒಂದು ಚೈನಿನ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುವ ಪ್ರೋಗ್ರಾಂ) ನಿಂತು ವಿತ್‌ಡ್ರಾವಲ್‌ಗಳು ಸಿಕ್ಕಿಬಿದ್ದವು. ಮೊದಲು ಅನುಮಾನ ಬಂದದ್ದು ನನ್ನ ಮೇಲೆ, ಕೀ ಬಗ್ಗೆ ಜಾಸ್ತಿ ಮಾತಾಡಿದ್ದು ನಾನು ತಾನೇ! ಲ್ಯಾಪ್‌ಟಾಪ್ ತೆಗೆದುಕೊಂಡರು, ಆಕ್ಸೆಸ್ ಕತ್ತರಿಸಿದರು. ಕೊನೆಗೆ ನೋಡಿದರೆ ಚೈನಿನ ಮಾಹಿತಿ ಓದಿ ಕೊಡುವ ಆರ್‌ಪಿಸಿ ನೋಡ್ ಅನ್ನುವ ಸರ್ವರ್ ಹಿಂದೆ ಬಿದ್ದಿತ್ತು, ಅಷ್ಟೇ. ಯಾರೂ ಸಾರಿ ಅನ್ನಲಿಲ್ಲ. ಕೆಲಸ ಬಿಟ್ಟೆ.

ಸಂಬಳದ ಒಂದು ಭಾಗ ಕಂಪನಿಯ ಟೋಕನ್ ಆಗಿತ್ತು. ಒಂದು ವರ್ಷ ಮಾರುವಂತಿರಲಿಲ್ಲ. ಅಷ್ಟರಲ್ಲಿ ಬೆಲೆ ಪಾತಾಳ ಸೇರಿತು. ನಮ್ಮ ದೇಶದಲ್ಲಿ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ.

ನಾನು ಬಿಟ್ಟ ಹುದ್ದೆಗೆ ಈಗ ಜನ ಹುಡುಕುತ್ತಿದ್ದಾರೆ. ಯಾವುದೇ ಬ್ರಿಡ್ಜ್ ಕಂಪನಿ ಇಂಟರ್‌ವ್ಯೂಗೆ ಕರೆದರೂ ಕೇಳಿ: ಒಂದೊಂದು ವ್ಯಾಲಿಡೇಟರನ್ನೂ ನಡೆಸುವವರು ಯಾರು, ಕೀ ಎಲ್ಲಿದೆ, ತುರ್ತಿನಲ್ಲಿ ಬ್ರಿಡ್ಜ್ ನಿಲ್ಲಿಸುವ ಅಧಿಕಾರ ಯಾರಿಗಿದೆ? ‘ಸೇರಿದ ಮೇಲೆ ಹೇಳ್ತೀವಿ’ ಅಂದರೆ ಎದ್ದು ಬನ್ನಿ. ಉತ್ತರ ಸರಿ ಅನಿಸಿದರೂ ಸಂಬಳ ಪೂರ್ತಿ ರೂಪಾಯಿಯಲ್ಲೇ ಬರೆಸಿಕೊಳ್ಳಿ.