ಅರವತ್ತು ಉಂಗುರಗಳ ಲೆಕ್ಕ

ಮೂವತ್ತು ವರ್ಷ ತಕ್ಕಡಿ, ತೂಕದ ಕಲ್ಲು, ಪೆಟ್ರೋಲ್ ಬಂಕಿನ ಪಂಪುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದವನು ನಾನು. ನಿವೃತ್ತಿಯಾದ ಮೇಲೆ ನನ್ನ ಕರುಳನ್ನೇ ಅಳೆಸಿಕೊಳ್ಳುವ ಸರದಿ ಬಂತು. ಮಲಬದ್ಧತೆ ಹಳೆಯ ಕಾಯಿಲೆ. ಆಹಾರ ದಾರಿಯುದ್ದಕ್ಕೂ ನಿಧಾನವಾಗಿ ಸಾಗುತ್ತಿದೆಯೋ, ಇಲ್ಲ ಬಾಗಿಲ ಹತ್ತಿರ ಬಂದು ನಿಂತುಬಿಡುತ್ತಿದೆಯೋ ನೋಡೋಣ ಎಂದು ವೈದ್ಯರು ದಾವಣಗೆರೆಯ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಚೀಟಿ ಬರೆದರು.

ಪರೀಕ್ಷೆ ಸರಳ. ಬಾಲ್‌ಪೆನ್ನಿನ ರೀಫಿಲ್ಲನ್ನು ಬ್ಲೇಡಿನಿಂದ ಅಡ್ಡಡ್ಡ ಕತ್ತರಿಸಿದಂತಿರುವ ಪುಟ್ಟ ಪ್ಲಾಸ್ಟಿಕ್ ಉಂಗುರಗಳು. ಬೇರಿಯಂ ಬೆರೆಸಿರುವುದರಿಂದ ಎಕ್ಸ್‌ರೇಯಲ್ಲಿ ಕಾಣುತ್ತವೆ. ಅಮೆರಿಕದಲ್ಲಿ ಒಂದೇ ಕ್ಯಾಪ್ಸೂಲಿನಲ್ಲಿ 24 ಉಂಗುರ ನುಂಗಿಸಿ ಐದನೆಯ ದಿನ ಚಿತ್ರ ತೆಗೆಯುತ್ತಾರೆ. ನಮ್ಮವರ ಕರುಳಿಗೆ ವೇಗ ಹೆಚ್ಚು, ಐದು ದಿನ ಕಾದರೆ ಎಣಿಸಲು ಏನೂ ಉಳಿಯದೇ ಹೋಗಬಹುದು. ಅದಕ್ಕೇ ಲಖನೌದ ವೈದ್ಯರು ಬೇರೆ ಕ್ರಮ ರೂಪಿಸಿದರು: ಹನ್ನೆರಡು ಗಂಟೆಗೊಮ್ಮೆ ಇಪ್ಪತ್ತರಂತೆ ಮೂರು ಸಲ ನುಂಗಿಸಿ, ಮೊದಲ ಸಲದಿಂದ 36 ಮತ್ತು 60ನೆಯ ಗಂಟೆಗೆ ಎಕ್ಸ್‌ರೇ. ಮೊದಲನೆಯದರಲ್ಲಿ 30ಕ್ಕಿಂತ, ಎರಡನೆಯದರಲ್ಲಿ 14ಕ್ಕಿಂತ ಹೆಚ್ಚು ಉಳಿದಿದ್ದರೆ ನಿಧಾನ ಎಂದರ್ಥ.

ಸೋಮವಾರ ರಾತ್ರಿ ಎಂಟಕ್ಕೆ, ರೇಡಿಯೊ ವಾರ್ತೆಯ ಹೊತ್ತಿಗೆ ಸರಿಯಾಗಿ, ನುಂಗಿದೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಕೇಂದ್ರದ ಬಾಗಿಲಲ್ಲಿದ್ದೆ. ತಂತ್ರಜ್ಞ ಬಂದದ್ದು ಒಂಬತ್ತೂವರೆಗೆ. “ಒಂದೂವರೆ ಗಂಟೆಯಲ್ಲಿ ಏನು ವ್ಯತ್ಯಾಸ ಆಗುತ್ತದೆ ಸರ್?” ಎಂದ. ಲೀಟರಿಗೆ ಐದು ಮಿಲಿ ಕಡಿಮೆ ಬಂದರೆ ಏನಾಗುತ್ತದೆ ಎಂದು ಬಂಕಿನವರೂ ನನ್ನನ್ನು ಹೀಗೆಯೇ ಕೇಳುತ್ತಿದ್ದರು. ಪರೀಕ್ಷೆ ಮುಗಿಯುವವರೆಗೆ ಇಸಬ್‌ಗೋಲ್ ನಿಲ್ಲಿಸಬೇಕೆಂಬ ಮಾತನ್ನೂ ಅಲ್ಲಿ ಯಾರೂ ಹೇಳಲಿಲ್ಲ. ವೈದ್ಯರು ಮೊದಲೇ ಹೇಳಿದ್ದರಿಂದ ಬಚಾವಾದೆ. ಕೊಟ್ಟದ್ದು 2,400 ರೂಪಾಯಿ, ರಸೀದಿ ಕೇಳಿ ಪಡೆದೆ.

ಇದಕ್ಕೂ ಮೊದಲು ಮನೆಯಲ್ಲೇ ಒಂದು ಅಳತೆ ಮಾಡಿದ್ದೆ. ಮೆಕ್ಕೆಜೋಳಕ್ಕೆ ನಮ್ಮ ಕಡೆ ಬರವೇ? ಬೇಯಿಸಿದ ತೆನೆಯನ್ನು ಅರೆಬರೆ ಅಗಿದು ನುಂಗಿ, ಕಾಳು ಮತ್ತೆ ಕಾಣಿಸಿದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಹೆಂಡತಿ ಆ ತಿಂಗಳ ಹಾಳೆಯನ್ನು ನೆಂಟರ ಕಣ್ಣಿಗೆ ಬೀಳದಂತೆ ಮಡಚಿಟ್ಟಳು. ಬಂದದ್ದು 27 ಗಂಟೆ. ಬ್ರಿಟನ್ನಿನಲ್ಲಿ ನೀಲಿ ಬಣ್ಣದ ಮಫಿನ್ ತಿನ್ನಿಸಿ ಮಾಡಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯದ ಅಂಕಿ ಸುಮಾರು 29 ಗಂಟೆ. ನನ್ನ ಕರುಳಿಗೆ ದೋಷವಿಲ್ಲ ಎಂದು ಬೀಗಿದೆ. ಆದರೆ ಕಾಳು ತಿಳಿಸುವುದು ಮೊದಲು ಬಂದವನ ಸುದ್ದಿ ಮಾತ್ರ. ಹಿಂದೆ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ಉಂಗುರಗಳೇ ಹೇಳಬೇಕು.

ಸಿಟ್ಟು ಬಂದದ್ದು ವರದಿ ನೋಡಿದಾಗ. “ಕೆಲವು ಉಂಗುರಗಳು ಉಳಿದಿವೆ” ಎಂದಿತ್ತು, ಅಷ್ಟೇ. ಎಣಿಕೆಗೆಂದೇ ಇರುವ ಪರೀಕ್ಷೆಯಲ್ಲಿ ಕೆಲವು ಎಂದರೆ ಎಷ್ಟು? ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಅಂಟಿಸಿ, ಎಣಿಸಿದ ಉಂಗುರಕ್ಕೆಲ್ಲ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡುತ್ತಾ ಹೋದೆ. ಎರಡನೆಯ ಚಿತ್ರದಲ್ಲಿ 18. ಕೆಳಗೆ ಸೊಂಟದ ಮೂಳೆಯ ನೆರಳಿನಲ್ಲಿ ಇನ್ನೊಂದು ಅಡ್ಡ ಮಲಗಿತ್ತು. ಉಂಗುರದಂತಲ್ಲ, ಒಂದು ಸಣ್ಣ ಗೀಟಿನಂತೆ. ಒಟ್ಟು 19, ಅದರಲ್ಲಿ 16 ಕೆಳಗೇ ಗುಂಪುಗೂಡಿದ್ದವು.

ಹೀಗೆ ಕೆಳಗೆ ಗುಂಪಾಗಿರುವುದೇ ಮುಖ್ಯ ಎಂದರು ವೈದ್ಯರು. ಕರುಳಿನಲ್ಲೆಲ್ಲ ಚೆದುರಿದ್ದರೆ ಕರುಳೇ ನಿಧಾನ. ಕೊನೆಯಲ್ಲಿ ಜಮಾಯಿಸಿದ್ದರೆ ಹೊರಹಾಕುವ ಸ್ನಾಯುಗಳ ಮೇಲೆ ಅನುಮಾನ. ಭೇದಿ ಮಾತ್ರೆ ಹೆಚ್ಚಿಸುವ ಬದಲು ಆ ಸ್ನಾಯುಗಳ ಪರೀಕ್ಷೆಗೆ ಬರೆದರು, ತೊಂದರೆ ಅಲ್ಲೇ ಇದ್ದರೆ ತರಬೇತಿಯಿಂದ ಸರಿಹೋಗಬಹುದಂತೆ. ಹಾಗಾಗಿ ಪರೀಕ್ಷೆಗೆ ನನ್ನ ಪೂರ್ಣ ಅಂಕ. ಆ ಕೇಂದ್ರಕ್ಕೆ ಐದರಲ್ಲಿ ಎರಡು, ಅದೂ ಫಿಲ್ಮ್ ಸ್ಪಷ್ಟವಾಗಿ ಬಂದದ್ದಕ್ಕೆ.

ವೈದ್ಯರು ಪೆನ್ನಿನ ತುದಿಯಲ್ಲಿ ತಾವೂ ಎಣಿಸಿ, “ಕೆಲವು” ಎಂಬುದನ್ನು ಹೊಡೆದು 19 ಎಂದು ಬರೆದರು. ತಿದ್ದಿದ ಕಡೆ ಒಂದು ಸಹಿ ಹಾಕಿಕೊಡಿ ಎಂದೆ. ನಕ್ಕು ಹಾಕಿದರು, ತಾರೀಖಿನ ಸಮೇತ.