ನಾಲ್ಕು ವರ್ಷ, 43 ಸಾವಿರ ಕಿಲೋಮೀಟರ್: ಬಾಗಲಕೋಟೆಯಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್

ಕಾರು 2013ರ ಮಾರುತಿ ವ್ಯಾಗನ್‌ಆರ್ ವಿಎಕ್ಸ್‌ಐ, ಪೆಟ್ರೋಲ್. ಕೊಂಡಿದ್ದು 2021ರ ನವೆಂಬರ್‌ನಲ್ಲಿ, 2 ಲಕ್ಷ 45 ಸಾವಿರಕ್ಕೆ. ಆಗ 61 ಸಾವಿರ ಓಡಿತ್ತು, ಈಗ ಮೀಟರ್ 1,04,000 ದಾಟಿದೆ.

ನಾನಾಗ ನವನಗರದ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಗೆ ಸೇರಿದ್ದೆ. ಊರು ಲೋಕಾಪುರ ದಾಟಿ ಒಳಗೆ, ಮುಧೋಳ ತಾಲ್ಲೂಕು, ಒಂದು ಕಡೆಗೆ 48 ಕಿಲೋಮೀಟರ್. ರೈತರ ದಾಳಿಂಬೆ ತೋಟಗಳಿಗೆ ತಿರುಗಿ ಎಲೆ, ಕಾಯಿ ಸ್ಯಾಂಪಲ್ ತರುವ ಕೆಲಸ ನನ್ನದು. ಬೈಕಿನ ಹಿಂದೆ ಕ್ರೇಟು ಕಟ್ಟಿಕೊಂಡು ಎರಡು ಸಲ ಬಿದ್ದೆ. ಎರಡನೇ ಸಲ ಮೊಣಕಾಲಿಗೆ ಐದು ಹೊಲಿಗೆ ಬಿದ್ದ ಮೇಲೆ ಅಪ್ಪ ಒಪ್ಪಿದರು. ಬಜೆಟ್ ಮೂರು ಲಕ್ಷ, ಅದೂ ಕಬ್ಬಿನ ಬಿಲ್ಲು ಬಂದ ಮೇಲೆ.

ಹಾಸ್ಟೆಲಿನಲ್ಲಿದ್ದು ಕ್ಲಾಸಿಗಷ್ಟೇ ಹೋಗಿಬರುವವರು ಇದನ್ನು ಓದಿ ಮನೆಯಲ್ಲಿ ಜಗಳ ತೆಗೆಯಬೇಡಿ, ಅವರಿಗೆ ಕಾರು ಬೇಕಿಲ್ಲ. ನನ್ನ ತಂಗಿಯೂ ಬಾಗಲಕೋಟೆಯಲ್ಲೇ ಓದುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನನ್ನ ಕಾರಿನ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತುತ್ತಾಳೆ. "ನಿನ್ನ ಎಸಿಕಿಂತ ನಮ್ಮ ಬಸ್ಸಿನ ಕಿಟಕಿ ಗಾಳಿ ಚಲೋ" ಅನ್ನುವುದು ಬೇರೆ.

ರೂಮ್‌ಮೇಟುಗಳೆಲ್ಲ ಸ್ವಿಫ್ಟ್ ಡೀಸೆಲ್ ಪಕ್ಷ. ಒಂದು ಸಿಕ್ಕಿತ್ತು ಕೂಡ, ಸೋಲಾಪುರ ಪಾಸಿಂಗ್, ಎಂಎಚ್-13. ಇಲ್ಲಿಯ ದರಕ್ಕಿಂತ 60 ಸಾವಿರ ಕಡಿಮೆ. ನಮ್ಮ ಕಡೆ ಮಹಾರಾಷ್ಟ್ರದ ಗಾಡಿಗಳು ಹೀಗೇ ಕಣ್ಣು ಕುಕ್ಕುತ್ತವೆ. ಆದರೆ ಅಲ್ಲಿಂದ ಎನ್ಒಸಿ ತಂದು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಮಾಡಿಸುವಷ್ಟರಲ್ಲಿ ಆ ಅರವತ್ತು ಸಾವಿರದಲ್ಲಿ ಏನು ಉಳಿಯುತ್ತದೆ ಎಂದು ಕೂಡಿ ಕಳೆದು ನೋಡಿದೆ, ಏನೂ ಉಳಿಯುತ್ತಿರಲಿಲ್ಲ. ಮೇಲಾಗಿ ತಿಂಗಳಿಗೆ ಸಾವಿರ ಕಿಲೋಮೀಟರೂ ಓಡಿಸದವನಿಗೆ ಡೀಸೆಲ್ ಯಾಕೆ? ಟರ್ಬೊ, ಇಂಜೆಕ್ಟರ್ ಕೈಕೊಟ್ಟರೆ ಒಂದು ಸೆಮಿಸ್ಟರಿನ ಖರ್ಚು ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಎರಡನೆಯದು ಒಬ್ಬ ಏಜೆಂಟರ ಹತ್ತಿರ ನೋಡಿದ ಬಿಳಿ ಆಲ್ಟೊ. ಒಳಗೆ ಹೊಸ ಸೀಟ್ ಕವರ್, ಹೊಸ ಮ್ಯಾಟು, ಮೂಗಿಗೆ ಬಡಿಯುವ ಮಲ್ಲಿಗೆ ಪರ್ಫ್ಯೂಮು. ನನಗೆ ಹಿಡಿಸಿಬಿಟ್ಟಿತ್ತು. ಜೊತೆಗೆ ಬಂದಿದ್ದ ನಮ್ಮೂರ ಮಿಸ್ತ್ರಿ ಇಂಜಿನ್ ಕಡೆ ಹೋಗಲೇ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಸೀಟ್ ಬೆಲ್ಟನ್ನು ಸರಸರ ಎಳೆಯುತ್ತಾ ಹೋದ, ಸುರುಳಿ ಪೂರ್ತಿ ಖಾಲಿಯಾಗುವವರೆಗೆ. ಕೊನೆಯ ಒಂದು ಗೇಣು ಬೆಲ್ಟ್ ಕಂದುಬಣ್ಣ, ಮುಟ್ಟಿದರೆ ರವೆಯಂತೆ ಉದುರುವ ಮಣ್ಣು. ಆಮೇಲೆ ಸ್ಟೆಪ್ನಿ ಎತ್ತಿಸಿದ. ಗುಂಡಿಯ ಮೂಲೆಯಲ್ಲೂ ಅದೇ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದು ಈ ಕಡೆಯವರಿಗೆ ಮರೆತಿಲ್ಲ. ಆ ಕಾರಿಗೂ ಮರೆತಿರಲಿಲ್ಲ. ನೀರಿನಲ್ಲಿ ಕೂತೆದ್ದ ಗಾಡಿಯ ವೈರಿಂಗ್ ಯಾವಾಗ ಹಸಿರು ಹಿಡಿಯುತ್ತದೋ ಯಾರೂ ಹೇಳಲಾರರು. ಏಜೆಂಟರು "ಹೊಲಕ್ಕ ಹೋಗ್ತಿತ್ರಿ, ಅದಕ್ಕ ಮಣ್ಣು" ಅಂದರು. ಹೊಲಕ್ಕೆ ಹೋದ ಗಾಡಿಯ ಬೆಲ್ಟಿನ ಸುರುಳಿಯೊಳಗೆ ಮಣ್ಣು ಹೋಗಬೇಕಾದರೆ ಹೊಲದಲ್ಲಿ ಈಜಿರಬೇಕು.

ಮೂರನೆಯದು ಚೆನ್ನಾಗಿತ್ತು, ಬೆಳಿಗ್ಗೆ ಏಳಕ್ಕೆ ಬರುತ್ತೇವೆಂದು ಹೇಳಿ ಹೋದರೆ ಬಾನೆಟ್ ಬೆಚ್ಚಗಿತ್ತು. ನಾವು ಬರುವ ಮೊದಲೇ ಯಾಕೆ ಸ್ಟಾರ್ಟ್ ಮಾಡಿದ್ದಿರಿ ಎಂದು ಕೇಳಿದರೆ ಉತ್ತರ ಬರಲಿಲ್ಲ. ರಾತ್ರಿಯಿಡೀ ತಣ್ಣಗೆ ನಿಂತ ಇಂಜಿನ್ ಮೊದಲ ಸಲ ಎದ್ದಾಗ ಬರುವ ಹೊಗೆ, ಸದ್ದು ಇವೆರಡರಲ್ಲೇ ಅರ್ಧ ಜಾತಕ ಇರುತ್ತದೆ.

ಕೊನೆಗೆ ಕೊಂಡ ವ್ಯಾಗನ್‌ಆರ್ ವಿದ್ಯಾಗಿರಿಯ ನಿವೃತ್ತ ಮಾಸ್ತರರೊಬ್ಬರದು. ಮಿಸ್ತ್ರಿಗೆ ಫೋನ್ ಮಾಡಿ ಮಾಡೆಲ್ ಹೇಳಲು ಹೋದರೆ, "ಯಾರ ಕೈಯಾಗ ಇತ್ತು ಅದನ್ನ ಮೊದ್ಲ ಹೇಳು, ಮಾಡೆಲ್ ಆಮ್ಯಾಲೆ" ಅಂದ. ಮಾಸ್ತರರ ಹತ್ತಿರ ಒಂದು ಪಾಠ ಟಿಪ್ಪಣಿ ಪುಸ್ತಕವಿತ್ತು. ಎಂಟು ವರ್ಷದ ಪ್ರತಿ ಪೆಟ್ರೋಲು, ಪ್ರತಿ ಸರ್ವಿಸ್, ಕೊನೆಗೆ ಪಂಕ್ಚರ್ ಕೂಡ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಬಾಗಿಲ ಕೆಳಗಂಚಿಗೆ ತುಕ್ಕು, ಬಂಪರಿಗೆ ಗೇಟು ತಾಗಿದ ಗೀರು, ಎರಡನ್ನೂ ಅವರೇ ಬೆರಳಿಟ್ಟು ತೋರಿಸಿದರು. ಟೈರಿನ ಮೇಲಿನ ನಾಲ್ಕಂಕಿ 2316, ಅಂದರೆ 2016ರ 23ನೇ ವಾರ ತಯಾರಾದದ್ದು. ಮೇಲಿನ ಟ್ರೆಡ್ ಸವೆಯದೆ ಚೆನ್ನಾಗಿದ್ದರೂ ರಬ್ಬರ್ ಮುದಿಯಾಗಿತ್ತು. 2 ಲಕ್ಷ 70 ಸಾವಿರ ಹೇಳಿದ್ದರು, ಟೈರು ತೋರಿಸಿಯೇ 25 ಸಾವಿರ ಇಳಿಸಿದ್ದು.

ಕಾಗದಪತ್ರದಲ್ಲಿ ಒಂದು ಗಂಟು ಇತ್ತು. ಸಾಲ 2016ರಲ್ಲೇ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಬ್ಯಾಂಕಿನಿಂದ ಎನ್ಒಸಿ, ಫಾರಂ 35 ತೆಗೆಸಲು ಮೂರು ವಾರ. ಆಮೇಲೆ ಫಾರಂ 29, 30 ಹಾಕಿ ನನ್ನ ಹೆಸರಿಗೆ. ಮುಂಗಡ ಕೊಡುವ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ, ಸಾಲ, ವಿಮೆ, ಚಲನ್ ಎಲ್ಲ ಕಾಣುತ್ತದೆ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಏಜೆಂಟರು ಬರುತ್ತದೆ ಅಂದರೆ ನಂಬಬೇಡಿ.

ಮೂರು ಲಕ್ಷ ಇದ್ದರೆ ಮೂರು ಲಕ್ಷದ ಕಾರು ಕೊಳ್ಳುವ ಹುಡುಗರಿಗೆ ಈಗ ಬರುವ ಲೆಕ್ಕ. ಮೊದಲ ಆರು ತಿಂಗಳಲ್ಲಿ ನಾಲ್ಕು ಟೈರು 14,400, ಬ್ಯಾಟರಿ 4,200, ಕ್ಲಚ್ ಸೆಟ್ 6,800, ಆಯಿಲ್, ಫಿಲ್ಟರ್, ಕೂಲೆಂಟ್, ಬ್ರೇಕ್ ಪ್ಯಾಡ್ ಎಲ್ಲ ಸೇರಿ 7,600, ಮುಂದಿನ ಸಸ್ಪೆನ್ಶನ್ ಬುಶ್ 5,000. ಒಟ್ಟು 38 ಸಾವಿರ. ಅಷ್ಟು ಅಚ್ಚುಕಟ್ಟಾದ ಮಾಸ್ತರರ ಗಾಡಿಗೇ ಇಷ್ಟು! ಅಲ್ಲಿಂದೀಚೆಗೆ ವರ್ಷಕ್ಕೆ ಒಂಬತ್ತರಿಂದ ಹನ್ನೊಂದು ಸಾವಿರದಲ್ಲಿ ಮುಗಿಯುತ್ತಿದೆ. ಇಂಜಿನ್ 998 ಸಿಸಿ ಇರುವುದರಿಂದ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ ಮತ್ತು ಜಿಎಸ್‌ಟಿ. ಸಾವಿರ ಸಿಸಿ ದಾಟಿದ್ದರೆ 3,416.

ಮೂರು ಸಿಲಿಂಡರಿನ ಈ ಕೆ10ಬಿ ಇಂಜಿನ್ನಿಗೆ ಟೈಮಿಂಗ್ ಚೈನ್ ಇದೆ. ಆಲ್ಟೊ 800ರ ಹಾಗೆ ಟೈಮಿಂಗ್ ಬೆಲ್ಟ್ ಬದಲಿಸುವ ಚಿಂತೆ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ. ಕಳೆದ ವರ್ಷ ಇಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಬದಲಿಸಿದ ಮೇಲೆ ಅರ್ಧ ಕಡಿಮೆಯಾಗಿದೆ. ನಾಲ್ಕು ವರ್ಷದಲ್ಲಿ ದಾರಿಯಲ್ಲಿ ನಿಂತದ್ದು ಒಂದೇ ಸಲ, ಗದ್ದನಕೇರಿ ಕ್ರಾಸಿನಲ್ಲಿ ಕ್ಲಚ್ ಕೇಬಲ್ ಹರಿದಾಗ. ಕೇಬಲ್ಲಿಗೆ 650 ರೂಪಾಯಿ. ಪಕ್ಕದ ಹೋಟೆಲಿನಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ ಮುಗಿಸುವಷ್ಟರಲ್ಲಿ ಹುಡುಗನೊಬ್ಬ ಬೈಕಿನಲ್ಲಿ ತಂದು ಹಾಕಿಕೊಟ್ಟ. ನಾನು ಮಾರುತಿಗೆ ಅಂಟಿಕೊಂಡದ್ದೇ ಇದಕ್ಕೆ. ಹ್ಯುಂಡೈ ಐ10 ಓಡಿಸಲು ಇದಕ್ಕಿಂತ ಚಂದ, ಒಪ್ಪುತ್ತೇನೆ. ಆದರೆ ಗೆಳೆಯನೊಬ್ಬ ಅದರ ಒಂದು ಭಾಗಕ್ಕೆ ಹುಬ್ಬಳ್ಳಿಯಿಂದ ಪಾರ್ಸಲ್ ಕಾಯುತ್ತಾ ವಾರಗಟ್ಟಲೆ ನನ್ನ ಕಾರಿನಲ್ಲೇ ಬಂದ.

ಮೈಲೇಜು ಬಯಲು ರಸ್ತೆಯಲ್ಲಿ ಎಸಿ ಇಲ್ಲದೆ 19, ಎಸಿ ಹಾಕಿದರೆ 17, ನವನಗರದ ಸೆಕ್ಟರುಗಳ ಹಂಪ್ ಹಾರುತ್ತಾ ಹೋದರೆ 15. ಇತ್ತೀಚೆಗೆ ಎಲ್ಲದರಲ್ಲೂ ಒಂದೊಂದು ಕಡಿಮೆ. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲು, 2013ರ ಗಾಡಿ ಅದಕ್ಕಾಗಿ ಮಾಡಿದ್ದಲ್ಲ. ಮಿಸ್ತ್ರಿಯ ಮಾತಿನಂತೆ ಪೆಟ್ರೋಲಿನ ರಬ್ಬರ್ ಪೈಪು ಬದಲಿಸಿಕೊಂಡೆ. ನಮ್ಮ ಹೊಲದ ಕಬ್ಬೇ ಫ್ಯಾಕ್ಟರಿ ಸುತ್ತಿ ನನ್ನ ಟ್ಯಾಂಕಿಗೆ ವಾಪಸ್ ಬಂದು ಮೈಲೇಜ್ ತಿನ್ನುತ್ತಿದೆ ಎಂದು ಅಪ್ಪನಿಗೆ ಹೇಳಿದೆ. "ಬಿಲ್ಲು ಲಗೂ ಬಂದ್ರ ಸಾಕು" ಅಂದರು.

ಎಸಿ ಇದರ ಬಡಪಾಯಿ ಅಂಗ. ಮೇ ತಿಂಗಳ ಮಧ್ಯಾಹ್ನ ಹಿಂದಿನ ಸೀಟಿಗೆ ತಂಪು ತಲುಪುವಷ್ಟರಲ್ಲಿ ಊರೇ ಬಂದಿರುತ್ತದೆ. 2023ರಲ್ಲಿ ಕಂಡೆನ್ಸರ್ ಸೋರಿ 7,500 ಹೋಯಿತು. ಎತ್ತರದ ಹಗುರ ಗಾಡಿಯಾದ್ದರಿಂದ ಗಾಳಿಗೂ ಅಂಜುತ್ತದೆ. ವಿಜಯಪುರಕ್ಕೆ ಹೋಗುವಾಗ ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಹಿನ್ನೀರಿನ ಗಾಳಿ ಅಡ್ಡ ಬಡಿದರೆ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿಯಬೇಕು. ಮಳೆಯಾದ ದಿನ ಎರೆಮಣ್ಣಿನ ಹೊಲದ ದಾರಿಗೆ ಇಳಿಸಲೇಬೇಡಿ. ಚಕ್ರಕ್ಕೆ ಮಣ್ಣು ಮೆತ್ತಿ ರೊಟ್ಟಿ ಹಿಟ್ಟಿನ ಉಂಡೆಯಾಗುತ್ತದೆ, ನನ್ನದನ್ನು ಎರಡು ಸಲ ಎತ್ತುಗಳೇ ಎಳೆದಿವೆ.

ಇನ್ನು ನಿಜವಾದ ಕೊರತೆ. 2024ರ ಜನವರಿಯ ಒಂದು ರಾತ್ರಿ, ಲೋಕಾಪುರದ ಈಚೆ. ಎದುರಿನಿಂದ ಬಂದ ಲಾರಿಯ ಬೆಳಕಿಗೆ ಕಣ್ಣು ಕತ್ತಲಾಗಿ, ಅದು ದಾಟಿದ ಮರುಕ್ಷಣ ಮುಂದೆ ಕಬ್ಬಿನ ಗೋಡೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ರಸ್ತೆಯಲ್ಲೇ ನಿಂತಿತ್ತು, ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಒತ್ತಿದೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ನನ್ನ ಗಾಡಿಯಲ್ಲಿ ಇಲ್ಲ, ಚಕ್ರ ಕಚ್ಚಿ ಜಾರಿತು. ನಿಂತಾಗ ಕಬ್ಬಿನ ಒಂದು ತುದಿ ವೈಪರಿಗೆ ತಾಗುತ್ತಿತ್ತು. ಏರ್‌ಬ್ಯಾಗೂ ಇಲ್ಲ ಎಂಬುದು ಕೊಳ್ಳುವಾಗ ಗೊತ್ತಿತ್ತು, ಆಗ ಅದು ದೊಡ್ಡದೆನಿಸಿರಲಿಲ್ಲ.

ಹಾಗಾಗಿ ಇವತ್ತು ಕೊಳ್ಳುವವರು ನನ್ನ ವರ್ಷದ ಗಾಡಿ ಹುಡುಕಬೇಡಿ. ಹೊಸ ಕಾರುಗಳಿಗೆ ಎಬಿಎಸ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈನಿಂದ ಕಡ್ಡಾಯವಾಗಿದೆ. ಇನ್ನೊಂದು ಲಕ್ಷ ಕೂಡಿಸಲು ಆದರೆ ಆಮೇಲಿನದನ್ನೇ ನೋಡಿ. ಹಾಗೆಂದು ಅದೂ ಕೋಟೆಯಲ್ಲ. ಹೊಸ ವ್ಯಾಗನ್‌ಆರ್‌ಗೆ, ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ 2019ರಲ್ಲಿ ಕೊಟ್ಟದ್ದು ಐದರಲ್ಲಿ ಎರಡೇ ಸ್ಟಾರ್. ಹಣ ಕೂಡದಿದ್ದರೆ ಕಬ್ಬಿನ ಸೀಸನ್ನಿನಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ನಾನೀಗ ಅದನ್ನೇ ಮಾಡುತ್ತೇನೆ, ತಡವಾದರೆ ಲ್ಯಾಬಿನಲ್ಲೇ ಮಲಗುತ್ತೇನೆ.

ಪಿಎಚ್‌ಡಿ ಮುಗಿಯುತ್ತಾ ಬಂದಿದೆ. ಜೂನಿಯರ್ ಒಬ್ಬ 1 ಲಕ್ಷ 80 ಸಾವಿರಕ್ಕೆ ಕೇಳುತ್ತಿದ್ದಾನೆ. ಆರ್‌ಸಿ 2028ಕ್ಕೆ ಮುಗಿಯುತ್ತದೆ, ನವೀಕರಿಸಬೇಕು, ಎಡ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಕಟಕಟ ಅನ್ನುತ್ತದೆ, ಮಾಸ್ತರರ ತುಕ್ಕು ಇನ್ನೆರಡು ಬೆರಳು ಮೇಲೇರಿದೆ ಎಂದೆಲ್ಲ ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮಿಸ್ತ್ರಿಯನ್ನು ಕರೆದುಕೊಂಡು ಬರುತ್ತಾನಂತೆ. ಶನಿವಾರ ರಾತ್ರಿಯೇ ಕೀಲಿ ತಂಗಿಯ ಕೈಗೆ ಕೊಟ್ಟಿಡುತ್ತೇನೆ.